ಕಟ್ಟು ಬಿಚ್ಚುವ ಮೊದಲು ಒಂದು ಫೋಟೋ

ನಮ್ಮ ಅಜ್ಜ, ಅಂದರೆ ಅಮ್ಮನ ಅಪ್ಪ, ಈಗ ಕೇರಳದಲ್ಲಿರುವ ಕಾಸರಗೋಡಿನ ಬದಿಯಡ್ಕದ ಕಡೆ ಎಲಿಮೆಂಟರಿ ಶಾಲೆಯಲ್ಲಿ ಮಾಷ್ಟ್ರಾಗಿದ್ದರು. ತಾಳಮದ್ದಳೆಯಲ್ಲಿ, ಅಂದರೆ ವೇಷ ಕಟ್ಟದೆ ಕೂತು ನಡೆಸುವ ಯಕ್ಷಗಾನದಲ್ಲಿ, ಅರ್ಥ (ಪಾತ್ರದ ಮಾತು) ಹೇಳುತ್ತಿದ್ದರು, ಯಕ್ಷಗಾನಕ್ಕೆ ಪ್ರಸಂಗ (ಪದ್ಯದಲ್ಲಿರುವ ಕತೆ) ಬರೆಯುತ್ತಿದ್ದರು, ಮಂಗಳೂರಿನ ಪತ್ರಿಕೆಗಳಿಗೆ ಕವನ ಕಳಿಸುತ್ತಿದ್ದರು. ದೊಡ್ಡ ಹೆಸರೇನೂ ಮಾಡಿದವರಲ್ಲ. 1994ರಲ್ಲಿ ತೀರಿಕೊಂಡರು. ಅವರ ಕಾಗದಗಳೆಲ್ಲ ಮಾವನ ಮನೆಯ ಅಟ್ಟದಲ್ಲಿ ಹಾಗೇ ಇದ್ದವು. ಹಂಚು ತೆಗೆದು ಟೆರೇಸ್ ಹಾಕಿಸುವ ಮಾತು ಬಂದಾಗ ಅವನ್ನು ಎಲ್ಲಿಗೆ ಸಾಗಿಸುವುದು ಅನ್ನುವ ಪ್ರಶ್ನೆ ಎದ್ದಿತು.

"ಎಲ್ಲ ಸ್ಕ್ಯಾನ್ ಮಾಡಿ ಒಂದು ಪೆನ್‌ಡ್ರೈವಿಗೆ ಹಾಕು. ಮತ್ತೆ ಕಾಗದ ಎಂತಕೆ?" ಅಂದರು ಮಾವ.

ನಾನು ಕನ್ನಡ ಟೀಚರ್. ಮನೆಯಲ್ಲಿ ಇಂಥ ಕೆಲಸ ತನ್ನಷ್ಟಕ್ಕೇ ನನ್ನ ತಲೆಗೆ ಬರುತ್ತದೆ. ರಜೆಯಲ್ಲಿ ಮುಗಿಸಿಬಿಡಬಹುದು ಅಂತ ಒಪ್ಪಿಕೊಂಡೆ. ಒಂದು ರಜೆಯಲ್ಲಿ ಮುಗಿಯುವ ಕೆಲಸ ಅದಾಗಿರಲಿಲ್ಲ. ಹಾಗಂತ ಸ್ಕ್ಯಾನಿಂಗ್ ಕಷ್ಟ ಅಂದುಕೊಳ್ಳಬೇಡಿ. ಇಡೀ ಕೆಲಸದಲ್ಲಿ ಸುಲಭದ ಭಾಗ ಅಂದರೆ ಅದೇ.

ಕಾಲೇಜು ಲೈಬ್ರರಿಯೊಂದರಲ್ಲಿ ದುಡಿದು ನಿವೃತ್ತರಾದ ಪರಿಚಯದವರೊಬ್ಬರು ನಮ್ಮ ಕಡೆ ಇದ್ದಾರೆ. ಕೆಲಸ ಶುರು ಮಾಡುವ ಮೊದಲು ಅವರನ್ನು ಕರೆದುಕೊಂಡು ಬಂದೆ. ಅಷ್ಟರಲ್ಲಿ ಮಾವ ಉತ್ಸಾಹದಲ್ಲಿ ಪ್ರಸಂಗ ಒಂದು ಕಡೆ, ಕಾಗದಪತ್ರ ಒಂದು ಕಡೆ, ಪತ್ರಿಕೆ ಒಂದು ಕಡೆ ಅಂತ ಜಾಗ ಮಾಡಿ ಇಟ್ಟಿದ್ದರು. ಬಂದವರು ಅದನ್ನು ನೋಡಿದವರೇ, "ಸ್ವಲ್ಪ ನಿಲ್ಲಿ. ಒಂದು ಕಟ್ಟನ್ನೂ ಬಿಚ್ಚಬೇಡಿ" ಅಂದರು. ಅಜ್ಜ ಯಾವುದನ್ನು ಯಾವುದರ ಜೊತೆ ಇಟ್ಟಿದ್ದಾರೋ ಅದೇ ಒಂದು ಮಾಹಿತಿ. ಮೊದಲು ಕಟ್ಟಿನ ಫೋಟೋ ತೆಗೆಯಬೇಕು, ಅದಕ್ಕೊಂದು ನಂಬರ್ ಕೊಡಬೇಕು, ಆಮೇಲೆ ದಾರ ಬಿಚ್ಚಬೇಕು. ಒಳಗಿನ ಕ್ರಮ ತಪ್ಪಿಸಬಾರದು. ಹಳೆಯ ದಾಖಲೆ ಕಾಪಾಡುವ ಆರ್ಕೈವ್ಸ್ ಕೆಲಸ ಮಾಡುವವರು ಮೊದಲು ಕಲಿಯುವುದೇ ಇದನ್ನಂತೆ.

ಮಾವನಿಗೆ ಇದು ಅತಿ ಅನ್ನಿಸಿತು. ನನಗೂ ಸ್ವಲ್ಪ ಹಾಗೇ ಅನ್ನಿಸಿದ್ದು ನಿಜ. ಆದರೆ ಮೂರನೇ ನಂಬರಿನ ಕಟ್ಟು ಬಿಚ್ಚಿದಾಗ ಮಾವನೇ ಸುಮ್ಮನಾದರು.

ಅದರೊಳಗೆ ಉದ್ದದ ಲೆಕ್ಕದ ಪುಸ್ತಕದಲ್ಲಿ ಬರೆದ ಒಂದು ಪ್ರಸಂಗ ಇತ್ತು. ಪುಟಗಳ ನಡುವೆ ಒಂದು ಯಕ್ಷಗಾನದ ಆಟದ ಹ್ಯಾಂಡ್‌ಬಿಲ್, ಆಟದಲ್ಲಿ ಪದ್ಯ ಹಾಡುವ ಭಾಗವತರೊಬ್ಬರ ಪೋಸ್ಟ್‌ಕಾರ್ಡ್, ಮತ್ತೆ ಅಡಿಕೆ ಮಾರಿದ ಲೆಕ್ಕದ ಒಂದು ಚೀಟಿ. ಪ್ರಸಂಗದ ಪುಸ್ತಕದಲ್ಲಿ ವರ್ಷ ಇಲ್ಲ. ಹ್ಯಾಂಡ್‌ಬಿಲ್ಲಿನಲ್ಲಿ 'ತಾ. 14-2, ಶನಿವಾರ ರಾತ್ರಿ' ಅಂತ ಇದೆ, ಅದರಲ್ಲೂ ವರ್ಷ ಇಲ್ಲ. ನಾಳೆ ಆಟ ಇರುವಾಗ ವರ್ಷ ಯಾರಿಗೆ ಬೇಕು ಹೇಳಿ! ಆದರೆ ಕೆಳಗೆ ಟಿಕೆಟಿನ ದರ ಇತ್ತು. ಈಸಿಚೇರು, ಕುರ್ಚಿ, ನೆಲ ಅಂತ ಮೂರು ತರಗತಿ, ನೆಲಕ್ಕೆ ಇಷ್ಟು ನಯೇ ಪೈಸೆ ಅಂತ. ಆಣೆ ಹೋಗಿ ನಯೇ ಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. 1964ರ ಜೂನ್‌ನಲ್ಲಿ ಆ 'ನಯೇ' ಬಿಟ್ಟುಹೋಯಿತು. ಈ ನಡುವೆ ಫೆಬ್ರವರಿ 14 ಶನಿವಾರ ಬಂದದ್ದು ಒಂದೇ ವರ್ಷ, 1959. ಅಲ್ಲಿಗೆ ಪ್ರಸಂಗವೂ ಆ ಸುಮಾರಿನದ್ದೇ ಇರಬೇಕು ಅಂತ ಆಯಿತು. ಹ್ಯಾಂಡ್‌ಬಿಲ್ಲನ್ನು ತೆಗೆದು ಬೇರೆ ಹ್ಯಾಂಡ್‌ಬಿಲ್ಲುಗಳ ಜೊತೆ ಇಟ್ಟಿದ್ದರೆ ಈ ಗಂಟು ಬಿಡಿಸಲು ಯಾರಿಂದಲೂ ಆಗುತ್ತಿರಲಿಲ್ಲ.

ಅಡಿಕೆ ಲೆಕ್ಕದ ಚೀಟಿಯನ್ನಾದರೂ ಬಿಸಾಡಬಹುದಲ್ವಾ ಅಂದರು ಮಾವ. ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಒಂದು ಪದ್ಯದ ಕರಡು. ಮೂರು ಸಲ ಹೊಡೆದು ಹಾಕಿ, ನಾಲ್ಕನೇ ಸಲ ಬರೆದದ್ದು ಪುಸ್ತಕಕ್ಕೆ ಹೋಗಿದೆ. ಅವತ್ತಿನಿಂದ ನಾವು ಖಾಲಿ ಕಾಣುವ ಹಿಂಬದಿಯನ್ನೂ ಸ್ಕ್ಯಾನ್ ಮಾಡುವ ನಿಯಮ ಇಟ್ಟುಕೊಂಡೆವು.

ಕ್ಲೀನ್ ಮಾಡುವ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ನಮ್ಮ ಕಡೆಯ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಕಾಗದ ಗಾಳಿಯಿಂದಲೇ ನೀರು ಎಳೆಯುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಒಳ್ಳೆಯದು. ಒದ್ದೆ ಬಟ್ಟೆ ಬೇಡ, ಮೆತ್ತಗಿನ ಒಣ ಬ್ರಷ್ ಸಾಕು. ತುಕ್ಕು ಹಿಡಿದ ಗುಂಡುಪಿನ್ನು, ಸ್ಟೇಪ್ಲರ್ ಪಿನ್ನುಗಳನ್ನು ಎಳೆಯದೆ ನಿಧಾನ ಬಿಡಿಸಿ ತೆಗೆಯಬೇಕು. ಹರಿದಲ್ಲಿಗೆ ಸೆಲ್ಲೋಟೇಪ್ ಹಚ್ಚಬಾರದು. ಅದರ ಅಂಟು ವರ್ಷ ಕಳೆದಂತೆ ಕಂದು ಬಣ್ಣಕ್ಕೆ ತಿರುಗಿ ಅಕ್ಷರವನ್ನೇ ತಿನ್ನುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಒಮ್ಮೆ ಮಾಡಿದರೆ ಬಿಡಿಸಲಿಕ್ಕಾಗುವುದಿಲ್ಲ. ಅತ್ತೆ ಎಲ್ಲವನ್ನೂ ಅಂಗಳದಲ್ಲಿ ಅಡಿಕೆಯ ಹಾಗೆ ಬಿಸಿಲಿಗೆ ಹರವೋಣ ಅಂದಿದ್ದರು. ಬಿಸಿಲಿಗೆ ಶಾಯಿ ಮಾಸುತ್ತದೆ. ಜಗಲಿಯ ನೆರಳಿನಲ್ಲಿ ಗಾಳಿಗೆ ಇಟ್ಟೆವು.

ಸ್ಕ್ಯಾನಿಂಗ್‌ಗೆ ಎರಡು ದಾರಿ ಹಿಡಿದೆವು. ಪೋಸ್ಟ್‌ಕಾರ್ಡ್, ಹ್ಯಾಂಡ್‌ಬಿಲ್, ಬಿಡಿ ಹಾಳೆಗಳಿಗೆ ಫ್ಲಾಟ್‌ಬೆಡ್ ಸ್ಕ್ಯಾನರ್, 400 ಡಿಪಿಐ, ಅಂದರೆ ಇಂಚಿಗೆ 400 ಚುಕ್ಕಿ. ಹೊಲಿಗೆ ಇರುವ ಪುಸ್ತಕಗಳನ್ನು ಕವುಚಿ ಒತ್ತಿದರೆ ಬೆನ್ನು ಮುರಿಯುತ್ತದೆ. ಅವಕ್ಕೆ ಮೇಲಿನಿಂದ ಕ್ಯಾಮೆರಾ, ಎರಡು ಬದಿಯಿಂದ ಬೆಳಕು. ಮೂಲ ಫೈಲು ಟಿಫ್ ರೂಪದಲ್ಲಿ, ಓದುವುದಕ್ಕೆ ಪಿಡಿಎಫ್. ಜಾಗ ಉಳಿಸಲಿಕ್ಕೆ ಅಂತ ಕಪ್ಪು-ಬಿಳುಪಿನಲ್ಲಿ ಮಾಡುವ ಆಸೆ ಬರುತ್ತದೆ, ಮಾಡಬೇಡಿ. ಕಾರಣ ನಮ್ಮಲ್ಲೇ ಸಿಕ್ಕಿತು. ಹಿಂದೆ ಯಾರೋ ಅಜ್ಜನ ಒಂದು ಪ್ರಸಂಗದ ಝೆರಾಕ್ಸ್ ಮಾಡಿಸಿದ್ದರು, ಅದೂ ಮನೆಯಲ್ಲಿತ್ತು. ಝೆರಾಕ್ಸಿನಲ್ಲಿ ಒಂದು ಪದ್ಯದ ಮೇಲೆ ತಾಳದ ಹೆಸರು ಎರಡೆರಡು ಕಾಣುತ್ತದೆ, ಒಂದರ ಮೇಲೊಂದು ಹತ್ತಿ ಗಲಿಬಿಲಿ. ಮೂಲದಲ್ಲಿ ನೋಡಿದರೆ ಎಲ್ಲ ಸ್ಪಷ್ಟ. ಅಜ್ಜ ನೀಲಿ ಶಾಯಿಯಲ್ಲಿ 'ಸೌರಾಷ್ಟ್ರ, ತ್ರಿವುಡೆ' ಅಂತ ರಾಗ, ತಾಳ ಬರೆದಿದ್ದಾರೆ. ಅದರ ಮೇಲೆ ಬೇರೆ ಕೈಯೊಂದು ಕೆಂಪು ಪೆನ್ಸಿಲಿನಲ್ಲಿ ತ್ರಿವುಡೆ ಹೊಡೆದು 'ಏಕ' ಅಂತ ಮಾಡಿದೆ. ಆಟಕ್ಕೆ ಹೋದಾಗ ಭಾಗವತರು ಓಟ ಹೆಚ್ಚಿಸಿಕೊಂಡಿದ್ದಾರೆ. ಬರೆದದ್ದು ಯಾವುದು, ಆಡಿದ್ದು ಯಾವುದು ಅಂತ ಆ ಪುಟದಲ್ಲಿ ಬಣ್ಣವೇ ಹೇಳುತ್ತದೆ.

ಇನ್ನು ಅಸಲು ಕೆಲಸ. ಪ್ರತಿ ಕಾಗದಕ್ಕೂ ವಿವರ ಬರೆಯುವುದು: ಯಾರು ಬರೆದದ್ದು, ಯಾರಿಗೆ, ಎಲ್ಲಿಂದ, ಯಾವಾಗ, ಯಾವ ವಿಷಯ. ಇದಿಲ್ಲದಿದ್ದರೆ ಸ್ಕ್ಯಾನ್ ಮಾಡಿದ ಸಾವಿರ ಚಿತ್ರವೂ ಅಟ್ಟದ ಮೇಲಿನ ಕಟ್ಟೂ ಒಂದೇ, ಬೇಕಾದಾಗ ಸಿಗುವುದಿಲ್ಲ. ಅಂತರ್ಜಾಲದಲ್ಲಿ ಹಳೆಯ ಕನ್ನಡ ಪುಸ್ತಕ ಹುಡುಕಿದವರಿಗೆ ಇದು ಗೊತ್ತು. ಎಷ್ಟೋ ಪುಸ್ತಕದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಯಾರೋ ತೋಚಿದ ಹಾಗೆ ಟೈಪ್ ಮಾಡಿರುತ್ತಾರೆ. ಪುಸ್ತಕ ಅಲ್ಲೇ ಇರುತ್ತದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಫೈಲಿನ ಹೆಸರಿನಲ್ಲಿ ಕಟ್ಟಿನ ನಂಬರ್, ಪುಸ್ತಕದ ನಂಬರ್, ಪುಟದ ನಂಬರ್ ಅಷ್ಟೇ ಇಟ್ಟೆ. ಉಳಿದದ್ದೆಲ್ಲ ಒಂದು ಸ್ಪ್ರೆಡ್‌ಶೀಟಿನಲ್ಲಿ, ಕನ್ನಡದಲ್ಲೇ. ಬರೆಯುತ್ತಾ ಹೋದ ಹಾಗೆ ನನಗೆ ಗೊತ್ತಿಲ್ಲದ್ದೇ ಜಾಸ್ತಿ ಅಂತ ಗೊತ್ತಾಯಿತು. 'ಇತಿ, ಭಟ್ಟ' ಅಂತ ಸಹಿ ಇದ್ದರೆ ಯಾವ ಭಟ್ರು? ಕುಂಬಳೆ ಸೀಮೆಯಲ್ಲಿ ಭಟ್ರಿಗೆ ಬರವೇ? ನೆರೆಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಹಳೆಯ ಅರ್ಥಧಾರಿ ಇದ್ದಾರೆ, ಅಜ್ಜನ ಜೊತೆ ತಾಳಮದ್ದಳೆ ಕೂಟಗಳಿಗೆ ಹೋಗುತ್ತಿದ್ದವರು. ಸಂಜೆ ಹೊತ್ತು ಲ್ಯಾಪ್‌ಟಾಪ್ ಹಿಡಿದುಕೊಂಡು ಅವರ ಜಗಲಿಗೆ ಹೋಗುತ್ತಿದ್ದೆ. ಅಕ್ಷರ ದೊಡ್ಡದು ಮಾಡಿ ತೋರಿಸಿದರೆ ಒಂದು ಕ್ಷಣದಲ್ಲಿ, "ಇದು ಅವರದ್ದೇ ಕೈ. 'ಕ್ಷ' ಬರೆದದ್ದು ನೋಡು, ಬಾಲ ಎಷ್ಟು ಉದ್ದ ಉಂಟು!" ಅನ್ನುತ್ತಿದ್ದರು. ಆಮೇಲೆ ಆ ಭಟ್ರು ಹೇಳುತ್ತಿದ್ದ ಕರ್ಣನ ಅರ್ಥ, ಅವರ ಕೋಪ, ಒಮ್ಮೆ ಕೂಟದ ಮಧ್ಯೆಯೇ ಎದ್ದು ಹೋದದ್ದು, ಎಲ್ಲ ಬರುತ್ತಿತ್ತು. ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಆ ಪತ್ರದ ಜೊತೆಗೇ ಸೇರಿಸಿದೆ. ಹಿಂದಿನ ಕಾಲದ ಕ್ಯಾಟಲಾಗ್ ಕಾರ್ಡಿನಲ್ಲಿ ಇದಕ್ಕೆ ಜಾಗ ಎಲ್ಲಿತ್ತು?

ಪತ್ರಗಳಿಗೆ ವರ್ಷ ಹಚ್ಚುವುದಕ್ಕೂ ಒಂದೊಂದು ಹಾದಿ ಸಿಕ್ಕಿತು. ಅಂಚೆಯ ಮುದ್ರೆ ಮಾಸಿದ್ದರೆ ವಿಳಾಸ ನೋಡಬೇಕು. ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ್ದು, ಆ ಪದ್ಧತಿ ಶುರುವಾದದ್ದೇ ಅಂದು.

ತಲೆಬಿಸಿ ಕೊಟ್ಟದ್ದು 'ರಾಜ್ಯ' ಅನ್ನುವ ಕಾಲಂ. ನನಗೆ ಸಿಕ್ಕಿದ ಮಾದರಿ ಫಾರ್ಮಿನಲ್ಲಿ ಸ್ಥಳ, ಜಿಲ್ಲೆ, ರಾಜ್ಯ ಅಂತ ಇತ್ತು. ಅಜ್ಜ ಆ ಊರು ಬಿಟ್ಟು ಎಲ್ಲಿಗೂ ಹೋದವರಲ್ಲ. ಆದರೆ 1956ರ ಅಕ್ಟೋಬರಿನ ಪತ್ರಕ್ಕೆ ಮದ್ರಾಸು ರಾಜ್ಯ, ದಕ್ಷಿಣ ಕನ್ನಡ ಜಿಲ್ಲೆ. ನವೆಂಬರ್ 1ರ ನಂತರದ್ದಕ್ಕೆ ಕೇರಳ. 1957ರಿಂದ 1984ರ ಮೇ 24ರ ತನಕ ಕಣ್ಣೂರು ಜಿಲ್ಲೆಯ ಕಾಸರಗೋಡು ತಾಲೂಕು, ಆಮೇಲೆ ಕಾಸರಗೋಡೇ ಜಿಲ್ಲೆ. ಜನ ಬರೆಯುತ್ತಿದ್ದದ್ದು ಮತ್ತೂ ಬೇರೆ. ಮಂಗಳೂರಿನಿಂದ ಬಂದ ಎಷ್ಟೋ ಪೋಸ್ಟ್‌ಕಾರ್ಡುಗಳಲ್ಲಿ 1956 ಕಳೆದ ಮೇಲೂ 'ದ.ಕ.' ಅಂತಲೇ ಇದೆ, ಅಂಚೆಯವನು ಸುಮ್ನೆ ತಂದು ಕೊಟ್ಟಿದ್ದಾನೆ. ಇದರಲ್ಲಿ ಯಾವುದನ್ನು ಬರೆಯಲಿ? ಕೊನೆಗೆ ಎರಡು ಕಾಲಂ ಮಾಡಿದೆ. ಕಾಗದದ ಮೇಲೆ ಇದ್ದದ್ದು ಇದ್ದ ಹಾಗೆ ಒಂದರಲ್ಲಿ, ಇವತ್ತಿನ ಹೆಸರು ಇನ್ನೊಂದರಲ್ಲಿ. ಬೆಂಗಳೂರಿನಲ್ಲಿ ಕೂತು ದಕ್ಷಿಣ ಕನ್ನಡ ಅಂತ ಹುಡುಕುವವನಿಗೂ, ತಿರುವನಂತಪುರದಲ್ಲಿ ಕೂತು ಕೇರಳ ಅಂತ ಹುಡುಕುವವನಿಗೂ ನಮ್ಮ ಅಜ್ಜ ಸಿಗಬೇಕಲ್ಲ. ಗಡಿನಾಡಿನ ಸಾಹಿತ್ಯ ಎರಡೂ ಕಡೆಯ ಪಟ್ಟಿಯಿಂದ ಬಿಟ್ಟುಹೋಗುವುದಕ್ಕೆ ಯಾರದೋ ದ್ವೇಷವೇ ಬೇಕಾಗಿಲ್ಲ, ಇಂಥ ಒಂದು ಕಾಲಂ ಸಾಕು.

ಅಚ್ಚಾದ ಬರಹಗಳನ್ನು ಕಂಪ್ಯೂಟರೇ ಓದಿ ಅಕ್ಷರ ಮಾಡಿಕೊಡುತ್ತದೆ. ಟೆಸರಾಕ್ಟ್ ಅನ್ನುವ ತಂತ್ರಾಂಶ, ಗೂಗಲ್ ಎರಡೂ ಕನ್ನಡ ಓದುತ್ತವೆ, ಹೊಸ ಅಚ್ಚಾದರೆ ಚೆನ್ನಾಗಿಯೇ ಓದುತ್ತವೆ. ಹಳೆಯ ಮೊಳೆಯಚ್ಚಿನ ವಿಶೇಷಾಂಕಗಳಲ್ಲಿ ತಡವರಿಸುತ್ತವೆ. ಮೊಳೆ ಸವೆದು 'ಧ'ದ ಸೀಳು ಅಳಿಸಿದ್ದರೆ ಅದು 'ದ' ಆಗುತ್ತದೆ. 'ಮ' ಮತ್ತು 'ವ', 'ಪ' ಮತ್ತು 'ಷ' ಅದಲುಬದಲು. ಒತ್ತಕ್ಷರ ಕೆಳಗಿನ ಸಾಲಿಗೆ ಜಾರುತ್ತದೆ. ಕೈಬರಹಕ್ಕೆ ಅದನ್ನು ನಂಬುವ ಹಾಗೇ ಇರಲಿಲ್ಲ. ಹಾಗಾಗಿ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಪುಟ ಹಂಚಿದೆ. ದುಬೈಯಲ್ಲಿರುವ ಅಕ್ಕನ ಮಗ ಆಫೀಸಿನ ಬಸ್ಸಿನಲ್ಲಿ ಕೂತು ಟೈಪ್ ಮಾಡಿದ. ಬೆಂಗಳೂರಿನ ಚಿಕ್ಕಮ್ಮ ಎಲ್ಲರಿಗಿಂತ ಜಾಸ್ತಿ ಮಾಡಿದರು, ಜೊತೆಗೆ ಅಜ್ಜನ ಕಾಗುಣಿತವನ್ನೂ ತಿದ್ದಿಬಿಟ್ಟರು. "ಚಿಕ್ಕಮ್ಮಾ, ತಪ್ಪಿದ್ದರೆ ತಪ್ಪೇ ಇರಲಿ" ಅಂತ ಹೇಳಿ ಹೇಳಿ ಸಾಕಾಯಿತು.

ಕಾಗದಕ್ಕಿಂತ ಬೇಗ ಹಾಳಾದದ್ದು ಒಂದು ಸಿಡಿ. ಅಜ್ಜನ ನೆನಪಿಗೆ ಪುಸ್ತಕ ತರಬೇಕು ಅಂತ ಮಾವ 2003ರ ಸುಮಾರಿಗೆ ಅವರ ಕವನಗಳನ್ನೆಲ್ಲ ಡಿಟಿಪಿ ಮಾಡಿಸಿದ್ದರು. ಪುಸ್ತಕ ಬರಲಿಲ್ಲ, ಸಿಡಿ ಉಳಿಯಿತು. ಈಗ ಅದನ್ನು ಹಾಕಲಿಕ್ಕೆ ಲ್ಯಾಪ್‌ಟಾಪಿನಲ್ಲಿ ಜಾಗವೇ ಇಲ್ಲ. ಹೇಗೋ ಹೊರಗಿನ ಡ್ರೈವ್ ತಂದು ತೆರೆದರೆ ಒಂದು ಅಕ್ಷರ ಕನ್ನಡ ಇಲ್ಲ, ಪೂರ್ತಿ ಚುಕ್ಕಿ-ಟೋಪಿ ಹಾಕಿದ ಇಂಗ್ಲಿಷ್ ಅಕ್ಷರ. ಆಗಿನ ನುಡಿ, ಬರಹ, ಶ್ರೀಲಿಪಿ ಎಲ್ಲದರಲ್ಲೂ ಡಿಟಿಪಿ ಕೆಲಸ ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಫಾಂಟುಗಳಲ್ಲೇ ನಡೆಯುತ್ತಿತ್ತು. ಆ ಫಾಂಟ್ ಇಲ್ಲದ ಕಡೆ ಅದು ಬರಹವೇ ಅಲ್ಲ. ಪರಿವರ್ತಕ ತಂತ್ರಾಂಶಗಳು ಸಿಗುತ್ತವೆ, ಹಾಕಿದ ಮೇಲೆ ತೊಂಬತ್ತು ಪಾಲು ಸರಿಯಾಯಿತು. ಅರ್ಕಾವತ್ತು ಮಾತ್ರ ಒಂದೊಂದೇ ಕೂತು ನೋಡಬೇಕಾಯಿತು. 1959ರ ಹ್ಯಾಂಡ್‌ಬಿಲ್ ಓದಲಿಕ್ಕೆ ಕನ್ನಡಕ ಸಾಕಿತ್ತು ಅಂತ ಮಾವನಿಗೆ ಹೇಳಿದೆ. ಪೆನ್‌ಡ್ರೈವಿನ ಮಾತು ಅವರು ಮತ್ತೆ ಎತ್ತಲಿಲ್ಲ.

ಹಾಕುವುದು ಎಲ್ಲಿಗೆ ಅನ್ನುವ ಮೊದಲು, ಹಾಕುವ ಹಕ್ಕು ಇದೆಯಾ ಅಂತ ನೋಡಬೇಕು. ನಮ್ಮ ಕಾಪಿರೈಟ್ ಕಾಯಿದೆ ಪ್ರಕಾರ ಬರೆದವರು ತೀರಿದ ಮುಂದಿನ ವರ್ಷದ ಆರಂಭದಿಂದ 60 ವರ್ಷ. ನಮ್ಮ ಜಿಲ್ಲೆಯ ಇಬ್ಬರು ಕವಿಗಳನ್ನೇ ತೆಗೆದುಕೊಳ್ಳಿ. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ತೀರಿದರು, ಅವರು ಇದ್ದಾಗ ಅಚ್ಚಾದ ಕೃತಿಗಳು 2024ರ ಜನವರಿ 1ರಿಂದ ಎಲ್ಲರ ಸೊತ್ತು. ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಗಳು ನೂರು ತುಂಬಿದ ಮೇಲೆ 2015ರಲ್ಲಿ ತೀರಿದರು, ಅವರದ್ದಕ್ಕೆ 2076ರ ತನಕ ಕಾಯಬೇಕು. ಅಜ್ಜನದ್ದಕ್ಕೆ ಮಕ್ಕಳೆಲ್ಲರ ಸಹಿ ತೆಗೆದುಕೊಂಡೆ. ಅಜ್ಜನಿಗೆ ಬಂದ ಪತ್ರಗಳ ಕತೆ ಬೇರೆ. ಕಾಗದ ನಮ್ಮದು, ಅದರಲ್ಲಿ ಬರೆದ ಮಾತಿನ ಹಕ್ಕು ಬರೆದವರದ್ದು. ಭಾಗವತರ ಮನೆಯವರನ್ನು, ಭಟ್ರ ಮೊಮ್ಮಕ್ಕಳನ್ನು ಹುಡುಕಿ ಕೇಳಿದೆವು. ಹೆಚ್ಚಿನವರು ಖುಷಿಯಿಂದ ಒಪ್ಪಿದರು. ಒಂದು ಮನೆಯವರು ಬೇಡ ಅಂದರು, ಸಾಲದ ವಿಷಯ ಇತ್ತು ಅದರಲ್ಲಿ. ಆ ಪತ್ರಗಳನ್ನು ಸ್ಕ್ಯಾನ್ ಮಾಡಿ ಇಟ್ಟಿದ್ದೇವೆ, ಹೊರಗೆ ಹಾಕಿಲ್ಲ.

ಪ್ರತಿಗಳನ್ನು, ಯಾರು ಬೇಕಾದರೂ ಓದಬಹುದಾದ ಅಂತರ್ಜಾಲ ಗ್ರಂಥಾಲಯ ಇಂಟರ್ನೆಟ್ ಆರ್ಕೈವ್‌ಗೆ ಏರಿಸಿದೆ. ಅದೊಂದನ್ನೇ ನಂಬಿಲ್ಲ. ಹಳೆಯ ಪುಸ್ತಕ ಸ್ಕ್ಯಾನ್ ಮಾಡಿ ಇಟ್ಟಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ತಾಣ ಮುಚ್ಚಿದ ಮೇಲೂ ಅಲ್ಲಿನ ಕನ್ನಡ ಪುಸ್ತಕಗಳು ಇವತ್ತು ಸಿಗುತ್ತಿದ್ದರೆ ಅದು ಇಂಟರ್ನೆಟ್ ಆರ್ಕೈವ್‌ನಲ್ಲಿ ನಕಲು ಇದ್ದದ್ದರಿಂದ. ಆ ಇಂಟರ್ನೆಟ್ ಆರ್ಕೈವೇ 2024ರ ಅಕ್ಟೋಬರಿನಲ್ಲಿ ಸೈಬರ್ ದಾಳಿಗೆ ಸಿಕ್ಕಿ ಹಲವು ದಿನ ಬಾಗಿಲು ಹಾಕಿತ್ತು. ಹಾಗಾಗಿ ಮೂಲ ಫೈಲುಗಳ ಎರಡು ಹಾರ್ಡ್‌ಡಿಸ್ಕ್ ಮಾಡಿದೆವು. ಒಂದು ಮಾವನಲ್ಲಿ, ಇನ್ನೊಂದು ಚಿಕ್ಕಮ್ಮನಲ್ಲಿ.

ಕಾಗದ ಮಾತ್ರ ಕಾಗದವೇ, ಅದಕ್ಕೊಂದು ಮನೆ ಬೇಕಲ್ಲ. ಒಂದು ಕಚೇರಿಯಲ್ಲಿ ವಿಚಾರಿಸಿದಾಗ, ಸ್ಕ್ಯಾನ್ ಆಗಿದೆ ಅಂದರೆ ಮತ್ತೆ ಮೂಲ ಯಾಕೆ ಅಂತ ಮಾವ ಕೇಳಿದ್ದನ್ನೇ ಅವರೂ ಕೇಳಿದರು. ಇನ್ನೊಂದು ಕಡೆ ತೆಗೆದುಕೊಳ್ಳುತ್ತೇವೆ ಅಂದರು, ಆದರೆ ಹಿಂದೆ ಬಂದ ಸಂಗ್ರಹ ಎಲ್ಲಿದೆ ಅಂತ ಕೇಳಿದರೆ ತೋರಿಸಲಾಗಲಿಲ್ಲ. ನಮ್ಮ ಕಡೆಯ ದೊಡ್ಡ ಸಂಗ್ರಹಗಳು ಹಿಂದಿನಿಂದಲೂ ಗಡಿ ದಾಟಿ ಹೋದವೇ. ಗೋವಿಂದ ಪೈಗಳ ಪುಸ್ತಕ ಭಂಡಾರ ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಹೋಯಿತು, ಅವರ ಹೆಸರಿನ ಸಂಶೋಧನ ಕೇಂದ್ರ ಅಲ್ಲೇ ಇದೆ. ಅಲ್ಲಿ ಉಳಿಯಿತಲ್ಲ ಅಂತ ಸಮಾಧಾನ, ಇಲ್ಲಿಯ ಮಕ್ಕಳಿಗೆ ದೂರವಾಯಿತಲ್ಲ ಅಂತ ಬೇಸರ. ಈಗ ನಕಲು ಎಲ್ಲರ ಫೋನಿನಲ್ಲಿ ಸಿಗುವುದರಿಂದ ಮೂಲ ಎಲ್ಲಿರಬೇಕು ಅನ್ನುವ ಜಗಳದ ಬಿಸಿ ಸ್ವಲ್ಪ ತಗ್ಗಿದೆ. ಗೆದ್ದಲು ಹತ್ತದ ಕಡೆ, ಕೇಳಿದವರಿಗೆ ತೋರಿಸುವ ಕಡೆ ಇದ್ದರಾಯಿತು. ಸದ್ಯಕ್ಕೆ ಮಾವನ ಹೊಸ ಮನೆಯಲ್ಲಿ ಒಂದು ಸ್ಟೀಲ್ ಕಪಾಟು. ಮಾತುಕತೆ ನಡೆಯುತ್ತಿದೆ.

ಒಂದು ಕಟ್ಟನ್ನು ಇನ್ನೂ ಓದಿಯೇ ಇಲ್ಲ. ಅದು ಓಲೆಗರಿ, ತುಳು ಲಿಪಿಯಲ್ಲಿದೆ. ಪುಂಡೂರಿನ ವೆಂಕಟರಾಜ ಪುಣಿಂಚತ್ತಾಯರು ಇಂಥ ಓಲೆಗಳಿಂದಲೇ ಹಳೆಯ ತುಳು ಕಾವ್ಯಗಳನ್ನು ಹೊರತೆಗೆದವರು. ಅವರಂತೆ ಓದುವವರು ಈಗ ಕೆಲವೇ ಮಂದಿ. 2024ರ ಸೆಪ್ಟೆಂಬರಿನಲ್ಲಿ ಬಂದ ಯುನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿಗೆ ಜಾಗ ಸಿಕ್ಕಿದೆ. ಟೈಪ್ ಮಾಡುವ ದಾರಿ ಆಯಿತು, ಇನ್ನು ಓದುವವರು ಬೇಕು.

ಅಂತರ್ಜಾಲಕ್ಕೆ ಹಾಕಿದ ಮೇಲೆ ಯಾರು ನೋಡುತ್ತಾರೆ ಅನ್ನುವ ಕುತೂಹಲ ಎಲ್ಲರಿಗೂ ಇತ್ತು. ಅಜ್ಜನ ಕವನಗಳ ಬಗ್ಗೆ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಅಮ್ಮನಿಗೆ ಅದು ಸ್ವಲ್ಪ ಬೇಜಾರು. ಆದರೆ ಒಬ್ಬ ಯುವ ಭಾಗವತರು ಆ ಕೆಂಪು ಪೆನ್ಸಿಲಿನ ಪುಟ ನೋಡಿ ಫೋನ್ ಮಾಡಿದರು. ಕಣ್ಣೂರಿನ ಕಡೆಯ ಒಬ್ಬ ಮಲಯಾಳಿ ಸಂಶೋಧಕಿಗೆ ಹ್ಯಾಂಡ್‌ಬಿಲ್ಲುಗಳು ಬೇಕಾದವು, ಡೇರೆ ಮೇಳಗಳ ಟಿಕೆಟ್ ದರ ಪಟ್ಟಿ ಮಾಡಲಿಕ್ಕೆ. ಮತ್ತೊಬ್ಬರಿಗೆ ಬೇಕಾದದ್ದು ಆ ಅಡಿಕೆಯ ಚೀಟಿ, ಪದ್ಯದ ಬದಿ ಅಲ್ಲ, ಲೆಕ್ಕದ ಬದಿ! ಹಿಂದೆ ಸಾಹಿತ್ಯದ ಭಂಡಾರ ಅಂದರೆ ಯಾವುದು ಮುಖ್ಯ ಅಂತ ಒಳಗಿದ್ದವರು ತೀರ್ಮಾನ ಮಾಡಿ ಇಡುತ್ತಿದ್ದರು. ಈಗ ಅದು ಹುಡುಕಿಕೊಂಡು ಬರುವವರ ಕೈಗೆ ಹೋಗಿದೆ. ನಾವು ಮಾಡಬೇಕಾದದ್ದು ಬಿಸಾಡದೆ ಇಡುವುದು, ಸರಿಯಾಗಿ ಹೆಸರು ಬರೆಯುವುದು.

ಈ ಲೆಕ್ಕದಲ್ಲಿ ನನಗೆ ಈಗ ಚಿಂತೆ ಹತ್ತಿರುವುದು ಮಾವನ ಮಗನದ್ದು. ಅವನೂ ಪ್ರಸಂಗ ಬರೆಯುತ್ತಾನೆ. ಪದ್ಯ ಹೊಳೆದ ಹಾಗೆ ಫೋನಿನಲ್ಲಿ ಗುನುಗಿ ಭಾಗವತರಿಗೆ ವಾಯ್ಸ್ ಮೆಸೇಜ್ ಕಳಿಸುತ್ತಾನೆ. ಅವರು ತಿದ್ದಿ ತಿರುಗಿ ಕಳಿಸುತ್ತಾರೆ. ಕೊನೆಗೆ ಒಂದು ಪಿಡಿಎಫ್ ಆಗುತ್ತದೆ, ಮಧ್ಯದ್ದೆಲ್ಲ ಫೋನ್ ಬದಲಾಯಿಸುವಾಗ ಹೋಗುತ್ತದೆ. ಆ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ಕೊಡು ಅಂತ ಕೇಳಿದೆ.

"ಅಕ್ಕ, ಅದರಲ್ಲಿ ಸಂಭಾವನೆಯ ಜಗಳ ಎಲ್ಲ ಉಂಟು. ಅದನ್ನು ಡಿಲೀಟ್ ಮಾಡಿ ಕೊಡ್ತೇನೆ" ಅಂದ.

ಡಿಲೀಟ್ ಮಾಡಬೇಡ, ಇಷ್ಟು ವರ್ಷ ತೆರೆಯಬಾರದು ಅಂತ ಶರತ್ತು ಬರೆದು ಕೊಡು, ದೊಡ್ಡ ದೊಡ್ಡ ಆರ್ಕೈವ್ಸ್‌ಗಳಲ್ಲೂ ಹಾಗೆ ಮುಚ್ಚಿ ಇಡುತ್ತಾರೆ ಅಂದೆ. ಮೂವತ್ತು ವರ್ಷ ಸಾಕಾ, ಐವತ್ತು ಬೇಕಾ ಅಂತ ಅವನಿನ್ನೂ ಯೋಚನೆ ಮಾಡುತ್ತಿದ್ದಾನೆ.